ಸಾಕಿಯ ಪೆರೇಡು

ನಮ್ಮಪ್ಪ ಮನಸಾರೆ ನಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು ನಮ್ಮ ಅಡುಗೆಮನೆಯ ಬಾಗಿಲಲ್ಲಿ. ನಗಿಸಿದವಳು ನಾನಲ್ಲ. ಹುತ್ರಿದುರ್ಗದಿಂದ ಬಂದು ನಮ್ಮ ಮನೆ ಸೇರಿ ಇನ್ನೂ ತಿಂಗಳೂ ತುಂಬದಿದ್ದ ಸಾಕಿ, ನನ್ನ ಸೋದರತ್ತೆಯ ಮಗಳು. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಈ ವಯಸ್ಸಿನಲ್ಲೂ ಅದನ್ನು ಬರೆಯುವಾಗ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಉರಿಯಲಿ ಬಿಡಿ. ಅದನ್ನು ಮುಚ್ಚಿಟ್ಟುಕೊಂಡರೆ ಆ ಮನೆಯ ಬಗ್ಗೆ ಹೇಳುವುದಕ್ಕೆ ನನ್ನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಮನೆ ಇದ್ದದ್ದು ತುಮಕೂರಿನ ಶಿರಾ ಗೇಟಿನ ಒಳಗಿನ ಒಂದು ಗಲ್ಲಿಯಲ್ಲಿ. ಬಾಡಿಗೆಯ ಹೆಂಚಿನ ಮನೆ. ಮುಂದೆ ಇಬ್ಬರು ಕೂರುವಷ್ಟು ಜಗಲಿ, ಒಳಗೆ ನಡುಮನೆ, ಪಕ್ಕದಲ್ಲಿ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರಾಚೆ ಬಚ್ಚಲು, ಹಂಡೆ ಒಲೆ, ಒಂದು ನುಗ್ಗೆ ಮರ. ಅಪ್ಪ ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದು ಪಿಂಚಣಿ ಮೇಲೆ ಬಂದವರು. ಬಂದ ಮೇಲೆ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾವಲುಗಾರರ ಮೇಲಿನ ಕೆಲಸ ಸಿಕ್ಕಿತ್ತು. ಅಲ್ಲಿ ಅವರ ಕೈಕೆಳಗೆ ನಾಲ್ಕಾರು ಜನ ಇದ್ದರು, ಮನೆಯಲ್ಲಿ ಅಮ್ಮ ಮತ್ತು ನಾನು. ಎರಡೂ ಕಡೆ ಅವರು ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಬೆಳಕು ಹರಿಯುವ ಮೊದಲೇ ತಮ್ಮ ಕರಿಯ ಟ್ರಂಕಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದರೆ ನಾವು ಏಳಬೇಕು. ಚಾಪೆ ಬಿಗಿಯಾಗಿ ಸುತ್ತಿ ಗೋಡೆಗೆ ನೇರವಾಗಿ ನಿಲ್ಲಿಸಬೇಕು. ಅಟ್ಟಣಿಗೆಯ ಮೇಲಿನ ಚೊಂಬುಗಳು ಎತ್ತರದ ಪ್ರಕಾರ ಸಾಲಾಗಿರಬೇಕು. ಕಾಫಿಗೆ ಮೊದಲು ನಡುಮನೆಯಲ್ಲಿ ನಿಂತು ಹಲ್ಲು, ಉಗುರು, ಜಡೆ ತೋರಿಸಬೇಕು. "ಎಡಗಡೆ ಜಡೆ ದಪ್ಪ, ಬಲಗಡೆ ಸಣ್ಣ. ಬಿಚ್ಚಿ ಹೆಣಿ" ಎನ್ನುವುದು ಅವರು ಮಗಳಿಗೆ ಹೇಳುವ ಬೆಳಗಿನ ಮಾತು. ಅಮ್ಮನಿಗೆ ಇದೆಲ್ಲ ಆಗುತ್ತಿರಲಿಲ್ಲ.

"ಇದೇನ್ರೀ, ಸಂಸಾರಾನೋ ಕ್ಯಾಂಪೋ? ಸಾರಿಗೆ ಒಗ್ಗರಣೆ ಹಾಕೋಕೂ ನಿಮ್ಮ ವಿಸಲ್ ಕಾಯ್ಬೇಕಾ?"

ಅಮ್ಮ ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದಳು. ಆದರೆ ನಿಜ ಹೇಳುತ್ತೇನೆ, ನನಗೆ ಆ ಶಿಸ್ತು ಇಷ್ಟವಾಗಿತ್ತು, ಯಾಕೆಂದರೆ ಅದರಲ್ಲಿ ನಾನು ಗಟ್ಟಿಗಿತ್ತಿ. ನನ್ನಷ್ಟು ಬಿಗಿಯಾಗಿ ಚಾಪೆ ಸುತ್ತುವವರು ಆ ಗಲ್ಲಿಯಲ್ಲೇ ಇರಲಿಲ್ಲ. ಎಲ್ಲ ಸರಿಯಿದ್ದ ದಿನ ಅಪ್ಪ ಗಂಟಲಲ್ಲೇ "ಠೀಕ್ ಹೈ" ಎನ್ನುತ್ತಿದ್ದರು. ಆ ಠೀಕ್ ಹೈ ಹಿಡಿದುಕೊಂಡು ನಾನು ಇಡೀ ದಿನ ಸ್ಕೂಲಿನಲ್ಲಿ ಬೀಗುತ್ತಿದ್ದೆ. ಮಿಲಿಟರಿಯವರು ನಗುವುದಿಲ್ಲ, ಅದು ಅವರ ಕಾನೂನು ಎಂದು ಗೆಳತಿಯರಿಗೆ ಹೇಳಿ ನಂಬಿಸಿದ್ದೆ. ನಾನೂ ನಂಬಿದ್ದೆ.

ಸಾಕಿ ಬಂದದ್ದು ಹೈಸ್ಕೂಲು ಓದಲು. ನಾಲ್ಕನೆಯದೂ ಹೆಣ್ಣೇ ಆದಾಗ ಇನ್ನು ಸಾಕು ಎಂದು ಇಟ್ಟ ಹೆಸರು ಸಾಕಮ್ಮ. ಒಂದು ಬಟ್ಟೆಗಂಟು, ಒಂದು ಚೀಲ ಅವರೆಕಾಳು ಸಮೇತ ಬಸ್ಸಿಳಿದು ಬಂದಳು. ನನಗಿಂತ ಕೆಲವೇ ತಿಂಗಳು ಚಿಕ್ಕವಳು, ಅಕ್ಕ ಅನ್ನು ಎಂದರೆ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ನನ್ನ ಪಕ್ಕದಲ್ಲಿ ನಿಂತಾಗ ಅವಳ ಹೊಟ್ಟೆ ಮುಂದಕ್ಕೆ, ಜಡೆ ಹಿಂದಿನ ದಿನದ್ದು, ಉಗುರಿನೊಳಗೆ ಮಣ್ಣು. ನನಗೆ ಒಳಗೊಳಗೇ ಖುಷಿ. ಅಪ್ಪ ಅವಳ ಮುಂದೆ ನಿಂತರು.

"ಇದೇನಿದು ಉಗುರು?"

"ರಾಗಿ ಹೊಲದ್ದು ಮಾವ. ಎಷ್ಟ್ ತೊಳುದ್ರೂ ಹೋಗಕಿಲ್ಲ. ನೀನೇ ಕತ್ತರ್ಸಿ ಬುಡು" ಎಂದು ಎರಡೂ ಕೈ ಚಾಚಿದಳು.

ನಾನು ಅಪ್ಪನಿಗೆ ನೀವು ಎನ್ನುತ್ತಿದ್ದೆ. ಇವಳು ಬಂದ ಮರುದಿನವೇ ನೀನು. ಅಪ್ಪ ಒಳಗಿನಿಂದ ಬ್ಲೇಡು ತಂದು, ಜಗಲಿಯ ಮೇಲೆ ಕೂತು, ಅವಳ ಒಂದೊಂದೇ ಬೆರಳನ್ನು ಹಿಡಿದು ಉಗುರು ತೆಗೆದರು. ನನ್ನ ಬೆರಳನ್ನು ಅವರು ಯಾವತ್ತೂ ಹಾಗೆ ಹಿಡಿದವರಲ್ಲ. ನನ್ನ ಉಗುರು ಯಾವಾಗಲೂ ಸರಿಯಾಗಿ ತೆಗೆದೇ ಇರುತ್ತಿತ್ತಲ್ಲ, ಹಿಡಿಯುವ ಪ್ರಮೇಯವೇ ಬಂದಿರಲಿಲ್ಲ. ಅದಾದ ಮೇಲೆ ನಾನು ಒಂದು ವಾರ ಉಗುರು ಬೆಳೆಸಿ ನೋಡಿದೆ. "ಉಗುರು" ಎಂದಷ್ಟೇ ಹೇಳಿ ಅಪ್ಪ ಮುಂದೆ ಹೋದರು.

ಆ ನಗುವಿನ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಸಂತೆಯಿಂದ ತಂದ ತರಕಾರಿಯನ್ನು ಅಮ್ಮ ಅಡುಗೆಮನೆಯಲ್ಲಿ ಸುರಿದಿದ್ದಳು. ಸಾಕಿ ಅವನ್ನು ಗೋಡೆಗುಂಟ ಸಾಲಾಗಿ ನಿಲ್ಲಿಸಿ, ಪೊರಕೆಯನ್ನು ಕಂಕುಳಲ್ಲಿ ಕೋಲಿನಂತೆ ಸಿಕ್ಕಿಸಿಕೊಂಡು, ಅಪ್ಪನ ಹಾಗೆಯೇ ಗದ್ದ ಒಳಕ್ಕೆ ಎಳೆದು, ಒಂದೊಂದರ ಮುಂದೆಯೂ ನಿಂತು ನಿಂತು ಹೋಗುತ್ತಿದ್ದಳು.

"ನುಗ್ಗೇಕಾಯಿ, ಶಾಬಾಶ್. ಹಿಂಗ್ ನೆಟ್ಗೆ ನಿಂತ್ಕಬೇಕು. ಬದನೇಕಾಯಿ, ಟೋಪಿ ಯಾಕ್ಲಾ ಸೊಟ್ಟಗದೆ? ಈರುಳ್ಳಿ, ಸಿಪಾಯಿ ಆದೋನು ಅಳ್ಬಾರ್ದು, ಅಳುಸ್ಬಾರ್ದು. ಕುಂಬ್ಳಕಾಯಿ ಸಾಹೇಬ್ರೇ, ತಾವ್ ದೊಡ್ಡೋರು, ಏನೂ ಹೇಳಂಗಿಲ್ಲ. ಆದ್ರೂ ಆ ಹೊಟ್ಟೆ ವಸಿ ಒಳಕ್ಕೆ."

ಕೊನೆಗೆ ಒಲೆ ಮುಂದೆ ಕೂತ ಅಮ್ಮನ ಎದುರು ಬಂದು, "ಅತ್ತೆ, ನಿಮ್ಮ ಜಡೆ ಎಡಗಡೆ ದಪ್ಪ" ಎಂದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದವಳು ಗಕ್ಕನೆ ನಿಲ್ಲಿಸಿದಳು. ಬಾಗಿಲಲ್ಲಿ ಅಪ್ಪ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಈಗ ಬಿತ್ತು ಇವಳಿಗೆ ಎಂದುಕೊಂಡೆ. ಅಪ್ಪನ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ, ದನಿ ಹೊರಡದೆ ನಕ್ಕರು. "ಕುಂಬ್ಳಕಾಯಿ ಸಾಹೇಬ್ರು" ಎಂದು ಮತ್ತೆ ನೆನೆಸಿಕೊಂಡು ನಕ್ಕರು. ಅಂಥ ಹೊಟ್ಟೆಯ ಸುಬೇದಾರ್ ಸಾಹೇಬರೊಬ್ಬರು ಅವರ ಮಿಲಿಟರಿ ಕಂಪನಿಯಲ್ಲೂ ಇದ್ದರಂತೆ. ಅವತ್ತಿನ ಊಟಕ್ಕೆ ಅವರು ಆ ಸಾಹೇಬರ ಕತೆ ಹೇಳಿದರು. ಅಪ್ಪನಿಗೆ ಕತೆ ಹೇಳಲು ಬರುತ್ತದೆ ಎಂಬುದೂ ನನಗೆ ಅವತ್ತೇ ಗೊತ್ತಾದದ್ದು. ಇಷ್ಟು ವರ್ಷ ಚಾಪೆ ಸುತ್ತಿದವಳು ನಾನು, ಕತೆ ಅವಳಿಗೆ.

ಅಲ್ಲಿಂದ ಭಾನುವಾರದ ಪೆರೇಡು ನಮ್ಮ ಮನೆಯ ಪದ್ಧತಿಯಾಯಿತು. ಎಣ್ಣೆಸ್ನಾನವಾಗಿ, ತಲೆಗೆ ಟವೆಲು ಸುತ್ತಿಕೊಂಡು ಅಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತರೆ ಸಾಕಿ ಶುರು ಮಾಡುತ್ತಿದ್ದಳು. ನಾನೂ ಒಂದು ಸಲ ಪ್ರಯತ್ನಪಟ್ಟೆ. ಅವಳು ಸ್ಕೂಲಿನಿಂದ ಬರುವುದು ತಡವಾದ ಒಂದು ಸಂಜೆ, ಪೊರಕೆ ಹಿಡಿದು ಅಪ್ಪನ ಮುಂದೆ ಠಾಕುಠೀಕಾಗಿ ನಡೆದು, ತಿರುಗಿ, ಸೆಲ್ಯೂಟ್ ಹೊಡೆದೆ. ಅಪ್ಪ ಬಹಳ ಗಮನವಿಟ್ಟು ನೋಡಿದರು.

"ಮೊಣಕೈ ಇನ್ನೂ ಸ್ವಲ್ಪ ಮೇಲೆ. ಹೆಬ್ಬೆರಳು ಒಳಗೆ. ಹಾಂ, ಈಗ ಠೀಕ್ ಹೈ."

ನನ್ನ ಅಣಕವನ್ನು ಅವರು ಕವಾಯತು ಎಂದೇ ತಿಳಿದರು. ನಾನು ಹಿತ್ತಿಲಿಗೆ ಹೋಗಿ ನುಗ್ಗೆ ಮರದ ಬುಡಕ್ಕೆ ಆ ಪೊರಕೆಯಿಂದ ನಾಲ್ಕು ಬಾರಿಸಿ ಬಂದೆ.

ಸಾಕಿಗೆ ಅಪ್ಪನ ಕೈಲಿ ಒಂದು ಸಲವಾದರೂ ಬೈಸಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಆಗಲೇ. ಅವಳೇನಾದರೂ ಎಲ್ಲೆ ಮೀರಿದರೆ ತಾನೇ ಬೈಸಿಕೊಳ್ಳುವುದು? ಹೀಗಾಗಿ ಎಲ್ಲೆ ಎಲ್ಲಿದೆ ಎಂದು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದೆ. ಟ್ರಂಕಿನಲ್ಲಿ ಅಪ್ಪನ ಹಳೆಯ ಟೋಪಿ ಇತ್ತು, ಬಿಲ್ಲೆ ಸಮೇತ. ಒಂದು ದಿನ ಅದನ್ನು ತೆಗೆದು ಅವಳ ಮುಂದೆ ಹಿಡಿದೆ.

"ಇದನ್ನ ಹಾಕ್ಕೊಂಡ್ ಮಾಡೇ, ಇನ್ನೂ ಚೆನ್ನಾಗಿರುತ್ತೆ."

ಅವಳು ಮುಟ್ಟಲೂ ಇಲ್ಲ. "ಬ್ಯಾಡ ಕಣೇ. ಮಾವ ಬೆಳಗಾನೆ ನಮ್ಮ ಪ್ರಾಣ ತಿಂತದಲ್ಲ, ಅದನ್ನ ಆಡ್ಕಬೌದು. ಇದು ಮಾವ ಕೆಲ್ಸ ಮಾಡಿದ್ದು. ಇದನ್ನ ಆಡ್ಕಬಾರ್ದು. ಇಟ್ಬುಡು" ಎಂದಳು.

ಯಾರು ಹೇಳಿಕೊಟ್ಟರು ಅವಳಿಗೆ? ಮಿಲಿಟರಿಯವನ ಮಗಳು ನಾನು. ರಾಗಿ ಹೊಲದಿಂದ ಬಂದವಳು ಎಲ್ಲಿ ನಿಲ್ಲಬೇಕು ಎಂದು ನನಗೆ ಹೇಳುತ್ತಾಳೆ. ಟೋಪಿಯನ್ನು ಟ್ರಂಕಿನೊಳಕ್ಕೆ ಹಾಕಿ ಮುಚ್ಚಳವನ್ನು ಧಡ್ ಎಂದು ಮುಚ್ಚಿದೆ.

ನಮ್ಮ ಮನೆಯಲ್ಲಿ ವರ್ಷದ ದೊಡ್ಡ ಹಬ್ಬ ಆಯುಧಪೂಜೆ. ದೊಡ್ಡ ಜಗಳವೂ ಅವತ್ತೇ. ಈಳಿಗೆಮಣೆ, ಕುಡುಗೋಲು, ಅಪ್ಪನ ಸೈಕಲ್ಲು, ಬೆಲ್ಟು ಎಲ್ಲವನ್ನೂ ತೊಳೆದು ಒರೆಸಿ ದೇವರ ಮುಂದೆ ಇಡುತ್ತಿದ್ದೆವು. ಅಪ್ಪನಿಗೆ ಅವರ ಬೂಟೂ ಅಲ್ಲಿರಬೇಕು. ಅಮ್ಮನಿಗೆ ಸತ್ತರೂ ಆಗದು.

"ಎಕ್ಕಡ ತಂದು ದೇವರ ಮುಂದೆ ಇಡೋ ಮನೆ ಎಲ್ಲಾದರೂ ನೋಡಿದೀರಾ?"

"ಎಕ್ಕಡ ಅಲ್ಲ ಅದು, ಬೂಟು. ಸೈಕಲ್ ಆಗುತ್ತೆ, ಅದು ಬೀದಿ ಸಗಣಿ ಎಲ್ಲಾ ತುಳಿದು ಬರುತ್ತೆ. ಬೂಟ್ ಆಗಲ್ವಾ?"

ವರ್ಷ ವರ್ಷವೂ ಇದೇ ಮಾತು. ಕೊನೆಗೆ ಬೂಟುಗಳು ನಡುಮನೆಯ ಹೊಸಲಿನ ಆಚೆ ನಿಲ್ಲುತ್ತಿದ್ದವು, ಮುಖ ಒಳಕ್ಕೆ. ಅಮ್ಮ ಮೂಗು ಮುರಿದುಕೊಂಡೇ ಅವಕ್ಕೂ ಒಂದೊಂದು ಕುಂಕುಮದ ಬೊಟ್ಟು, ಒಂದೊಂದು ಚೆಂಡುಹೂವು ಇಡುತ್ತಿದ್ದಳು. ಆಮೇಲೆ ಅಪ್ಪ ಬೀದಿಯಲ್ಲಿ ಬೂದುಗುಂಬಳ ಒಡೆಯುತ್ತಿದ್ದರು, ನಾವು ಕಡ್ಲೆಪುರಿ ಹಂಚುತ್ತಿದ್ದೆವು, ಮಧ್ಯಾಹ್ನದ ಹೊತ್ತಿಗೆ ಅಪ್ಪನ ಮೂವರು ಮಿಲಿಟರಿ ಗೆಳೆಯರು ಊಟಕ್ಕೆ ಬರುತ್ತಿದ್ದರು. ಮೂವರೂ ಅಪ್ಪನ ಕಂಪನಿಯಲ್ಲೇ ಇದ್ದವರು, ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕೂಗುತ್ತಿದ್ದರು. ಅಪ್ಪ ಅವರಿಗೆ ತುಮಕೂರು. ಲಾರಿ ಓಡಿಸುತ್ತಿದ್ದವರು ಗುಬ್ಬಿ. ಅಡುಗೆ ಮಾಡುತ್ತಿದ್ದವರು ಕುಣಿಗಲ್. ಮೂರನೆಯವರು ಹಾಗಲವಾಡಿ. ಅವರಿಗೆ ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇರಲಿಲ್ಲ. ಎಲ್ಲೋ ಬೆಟ್ಟದ ರಸ್ತೆಯಲ್ಲಿ ಗಾಡಿ ಮಗುಚಿ ಹೋದದ್ದಂತೆ. ಅದೇ ಗಾಡಿಯಲ್ಲಿ ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ಮೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲವಂತೆ. ಇದನ್ನು ಹೇಳಿದವಳು ಅಮ್ಮ. ಅಪ್ಪ ಆ ಮಾತೆತ್ತುತ್ತಲೇ ಇರಲಿಲ್ಲ.

ಎತ್ತುತ್ತಿದ್ದದ್ದು ಹಬ್ಬದ ಹಿಂದಿನ ಸಂಜೆ ಮಾತ್ರ, ಆರ್ಡರ್ ಕೊಡುವುದಕ್ಕೆ. ಸಾಕಿ ಬಂದ ವರ್ಷವೂ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದರು.

"ನಾಳೆ ಹಾಗಲವಾಡಿ ಬರ್ತಾನೆ. ಕೈ ಕಡೆ ಯಾರೂ ನೋಡಬಾರದು. ಕೈ ವಿಷಯ ಎತ್ತಬಾರದು. ಅವನಿಗೆ ಊಟ ಮೇಜಿನ ಮೇಲೆ, ಚಮಚ ಇಡಿ. ಕೈ ತೊಳೆಯೋಕೆ ಹಿಂದೆ ಬಕೆಟ್ ತುಂಬಿಸಿಡಿ. ಅವನು ಅಲ್ಲಿಗೆ ಹೋದಾಗ ಯಾರೂ ಹಿಂದೆ ಹೋಗಬಾರದು. ಅವನಿಗೆ ಅವಮಾನ ಆಗಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದೆ ನಾನು.

"ಇಲ್ದೇ ಇರೋ ಕೈನ ಹೆಂಗೆ ನೋಡದು ಮಾವ?" ಎಂದಳು ಸಾಕಿ.

ಅವಳು ಚೇಷ್ಟೆಗೆ ಕೇಳಿದ್ದಲ್ಲ, ನಿಜಕ್ಕೂ ಕೇಳಿದ್ದು. ಅಪ್ಪನ ಮುಖ ಗಡುಸಾಯಿತು. "ಹೇಳಿದಷ್ಟು ಮಾಡು" ಎಂದು ಹೊರಗೆ ಹೋದರು. ಆಹಾ, ಇಲ್ಲಿದೆ ಎಲ್ಲೆ ಎಂದುಕೊಂಡೆ.

ಮರುದಿನ ಪೂಜೆಯೆಲ್ಲ ಮುಗಿದು ಗೆಳೆಯರ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದ್ದಾಗ ಸೌದೆ ತರಲು ಹಿತ್ತಿಲಿಗೆ ಹೋದೆ. ನುಗ್ಗೆ ಮರದ ಹಿಂದೆ ಸಾಕಿ. ಅಪ್ಪನ ಹಳೆಯ ಉದ್ದ ತೋಳಿನ ಶರಟು ಹಾಕಿಕೊಂಡು, ಬಲಗೈಯನ್ನು ತೋಳಿನೊಳಕ್ಕೆ ಎಳೆದುಕೊಂಡು, ಖಾಲಿ ತೋಳು ಜೋತಾಡಿಸುತ್ತ, ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಹೋದ ವರ್ಷ ಹಾಗಲವಾಡಿ ಮಾಮ ಹಾಗೆ ಮಾಡಿದ್ದರೆಂದು ನಾನೇ ಅವಳಿಗೆ ವರ್ಣಿಸಿದ್ದೆ. ನನ್ನನ್ನು ನೋಡಿ ಕೈ ಕೆಳಗಿಳಿಸಿದಳು. ಅಪ್ಪ ಏನು ಹೇಳಿದ್ದರು ಎಂದು ನಾನು ಜ್ಞಾಪಿಸಲಿಲ್ಲ. ಸೌದೆ ಎತ್ತಿಕೊಂಡು ಒಳಗೆ ಬಂದೆ. ಅವತ್ತು ಅಮ್ಮನ ಜೊತೆ ಒಬ್ಬಟ್ಟು ತಟ್ಟುವಾಗ ನನಗೆ ಹಾಡು ಬರುತ್ತಿತ್ತು.

ಮೂವರೂ ಬಂದರು. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಹಾಗಲವಾಡಿ ಮಾಮ ಎಂದಿನಂತೆ ಬಲಗೈಯನ್ನು ಮಡಿಸಿದ ಟವೆಲಿನ ಕೆಳಗೆ ಇಟ್ಟುಕೊಂಡು ಕೂತರು. ನಾವು ಎಂದಿನಂತೆ ಅವರ ಹಣೆಯನ್ನು ನೋಡಿ ಮಾತಾಡಿದೆವು. ಪಾನಕ ಆಯಿತು. ಅಪ್ಪ ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗಿ ಒಂದು ಪೆರೇಡ್ ಮಾಡ್ತಾಳೆ, ನೋಡ್ರಯ್ಯ" ಎಂದರು. ನಮ್ಮ ಹುಡುಗಿ ಎಂದಾಗ ನಾನು ಕತ್ತೆತ್ತಿದೆ. ಅಪ್ಪ ನೋಡುತ್ತಿದ್ದದ್ದು ಅವಳ ಕಡೆ.

ಆ ಉದ್ದ ತೋಳಿನ ಶರಟು ಹಾಕಿಕೊಂಡು ಬಂದು ಮೊದಲು ಅವಳು ಅಪ್ಪನನ್ನೇ ಮಾಡಿದಳು. ಟ್ರಂಕು ಬಡಿಯುವುದು, ಜಡೆ ನೋಡುವುದು, ಹೊಸಲಿನ ಬೂಟುಗಳ ಮುಂದೆ ನಿಂತು "ಕುಂಕುಮ ಸೊಟ್ಟ" ಎನ್ನುವುದು. ಗೆಳೆಯರು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಗುಬ್ಬಿಯವರು. ಮೊರವನ್ನೇ ಸ್ಟೇರಿಂಗ್ ಮಾಡಿಕೊಂಡು, ಮೀಸೆ ತಿರುವುತ್ತ, ಎದುರಿಗೆ ಬಂದ ಅಮ್ಮನಿಗೆ ಹಾರನ್ ಹೊಡೆದು ದಾರಿ ಬಿಡಿಸಿಕೊಂಡಳು. ಆಮೇಲೆ ಕುಣಿಗಲ್ಲಿನವರು ಸೌಟು ನೆಕ್ಕಿ, ಕಣ್ಣುಮುಚ್ಚಿ, "ಉಪ್ಪು ರಜದ ಮೇಲದೆ" ಎಂದದ್ದು. ಇಷ್ಟಾದ ಮೇಲೆ ಉಳಿದವರು ಒಬ್ಬರೇ. ಸಾಕಿಯ ಬಲಗೈ ನಿಧಾನವಾಗಿ ತೋಳಿನೊಳಕ್ಕೆ ಹೋಗುವುದನ್ನು ನಾನು ಕಂಡೆ. ಬೇರೆ ಯಾರೂ ಕಂಡಿರಲಿಲ್ಲ. ಮಾಡು, ಮಾಡು ಎಂದು ಒಳಗೇ ಅನ್ನುತ್ತಿದ್ದೆ. ಅವಳು ಹಾಗಲವಾಡಿ ಮಾಮನ ಮುಖ ನೋಡಿದಳು. ಮಾಮ ಟವೆಲನ್ನು ಸರಿಮಾಡಿಕೊಂಡರು. ಅವಳು ತೋಳಿನಿಂದ ಕೈ ಹೊರಗೆ ತೆಗೆದು, "ಪೆರೇಡ್ ಮುಗೀತು, ಎಲ್ರೂ ಊಟಕ್ಕೆ ನಡೀರಿ" ಎಂದುಬಿಟ್ಟಳು. ನನಗಾದ ನಿರಾಸೆ ಅಷ್ಟಿಷ್ಟಲ್ಲ. ಟೋಪಿಯ ದಿನದಂತೆ ಇವತ್ತೂ ತಪ್ಪಿಸಿಕೊಂಡಳು.

ಎಲ್ಲರೂ ಏಳುತ್ತಿದ್ದಾಗ ಹಾಗಲವಾಡಿ ಮಾಮ ಮಾತ್ರ ಏಳಲಿಲ್ಲ.

"ಅಲ್ಲ ಕಣವ್ವ, ನಾನೇನ್ ಮಾಡಿದ್ದೆ? ನೀನು ಎಲ್ಲಾರ್ನೂ ಕೂಗ್ದೆ. ನನ್ ಹೆಸರೇ ಕೂಗ್ಲಿಲ್ಲ."

"ಊಟಕ್ಕೆ ಹೊತ್ತಾಯ್ತು ಏಳಯ್ಯ" ಎಂದರು ಅಪ್ಪ.

"ಇರು ತುಮಕೂರು. ಹುಡುಗಿ ಹೇಳ್ಲಿ. ನಾನು ಈ ಕಂಪನೀಲಿ ಇಲ್ವೇನವ್ವ?"

ಸಾಕಿ ಅಪ್ಪನ ಕಡೆ ನೋಡಲಿಲ್ಲ. ಅವರನ್ನೇ ನೋಡುತ್ತಾ ಕೇಳಿದಳು. "ನಿಮ್ದೂ ಐತೆ ಮಾಮ. ಮಾಡಿದ್ರೆ ನಿಮಗೆ ಬೇಜಾರಾಗಕಿಲ್ವಾ?"

"ಆದ್ರೆ ಹೇಳ್ತೀನಿ. ಆಗ ನಿಲ್ಸು."

ಅವಳು ಮತ್ತೆ ಕೈಯನ್ನು ತೋಳಿನೊಳಕ್ಕೆ ಎಳೆದುಕೊಂಡಳು. ಎಡಗೈಯಲ್ಲಿ ಸೆಲ್ಯೂಟ್. ಆಮೇಲೆ ಈಚೆ ಬಂದು ಕುಂಬಳಕಾಯಿ ಸಾಹೇಬರಾಗಿ ಹೊಟ್ಟೆ ಮುಂದೆ ಮಾಡಿ ಕೇಳಿದಳು.

"ಏನಯ್ಯ, ಬಲಗೈ ಎಲ್ಲಿ?"

ಆಚೆ ಹೋಗಿ ಮತ್ತೆ ಸೆಲ್ಯೂಟ್. "ರಜಾ ಮೇಲೆ ಹೋಗ್ಯದೆ ಸಾರ್."

"ಯಾವಾಗ ಬತ್ತದೆ?"

"ಹೇಳ್ದೆ ಕೇಳ್ದೆ ಹೋಯ್ತು ಸಾರ್. ವಾಪಸ್ ಬಂದ್ರೆ ನೀವೇ ಶಿಕ್ಷೆ ಕೊಡ್ರಿ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಹಾಗಲವಾಡಿ ಮಾಮ ಸಾಕಿಯ ಖಾಲಿ ತೋಳನ್ನು ನೋಡುತ್ತಿದ್ದರು. ಆಮೇಲೆ ಅವರ ತುಟಿ ಒಂದು ಕಡೆಗೆ ಎಳೆಯಿತು.

"ಒಂದು ಕಾಗದಾನೂ ಬರೀಲಿಲ್ಲ ಕಣಯ್ಯ ಅದು" ಎಂದು ಗುಬ್ಬಿಯವರ ಕಡೆ ತಿರುಗಿ ಹೇಳಿ, ಜೋರಾಗಿ, ಬೀದಿಗೆ ಕೇಳುವ ಹಾಗೆ ನಗತೊಡಗಿದರು. ಗುಬ್ಬಿಯವರು ನಕ್ಕರು, ಕುಣಿಗಲ್ಲಿನವರು ನಕ್ಕು ಕಣ್ಣೊರೆಸಿಕೊಂಡರು. ಟವೆಲು ಜಮಖಾನದ ಮೇಲೆ ಬಿದ್ದಿತ್ತು. ಮಾಮ ಅದನ್ನು ಎತ್ತಿಕೊಳ್ಳಲಿಲ್ಲ.

ನಾನು ಇದನ್ನೆಲ್ಲ ಅರ್ಧಂಬರ್ಧ ನೋಡಿದ್ದು. ನನ್ನ ಕಣ್ಣಿದ್ದದ್ದು ಅಪ್ಪನ ಮುಖದ ಮೇಲೆ. ಅಪ್ಪ ನಗಲಿಲ್ಲ. ಸಾಕಿ ಪೆರೇಡು ಮಾಡಿ ಅಪ್ಪ ನಗದೇ ಇದ್ದದ್ದು ಅದೇ ಮೊದಲು, ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅವರು ಕೋಪ ಮಾಡಿಕೊಂಡವರ ಹಾಗೂ ಕಾಣಲಿಲ್ಲ. ತಮ್ಮ ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಪಂಚೆಯ ಮೇಲೆ ಒರೆಸಿಕೊಳ್ಳುತ್ತಿದ್ದರು.

ಊಟಕ್ಕೆ ಹೋದಾಗ ಕಿಟಕಿಯ ಪಕ್ಕದಲ್ಲಿ ಮೇಜು ಹಾಕಿತ್ತು, ಚಮಚ ಇಟ್ಟಿತ್ತು. ಪ್ರತಿ ವರ್ಷ ಹಾಗಲವಾಡಿ ಮಾಮ ಅಲ್ಲಿ ಒಬ್ಬರೇ ಗೋಡೆ ನೋಡಿಕೊಂಡು ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಅವತ್ತು ಮೇಜಿನ ಕಡೆ ತಿರುಗಿಯೂ ನೋಡದೆ ಬಂದು ನೆಲದ ಸಾಲಿನಲ್ಲಿ ಗುಬ್ಬಿಯವರ ಪಕ್ಕ ಕೂತರು. "ನನಗೂ ಎಲೆ ಹಾಕವ್ವ" ಎಂದರು ಅಮ್ಮನಿಗೆ. ಎಡಗೈಯಲ್ಲಿ ಕಲೆಸಿ, ಹುಳಿ ಎಲೆಯಿಂದ ಆಚೆ ಹರಿಸಿಕೊಂಡು, ಒಬ್ಬಟ್ಟಿಗೆ ಮತ್ತೆ ಮತ್ತೆ ತುಪ್ಪ ಹಾಕಿಸಿಕೊಂಡು ಉಂಡರು. ಎಡಗೈಯಲ್ಲಿ ಉಂಡರೆ ಬಾಯಿಬಿಟ್ಟು ಬೈಯುವ ಅಮ್ಮ ಅವತ್ತು ಬಗ್ಗಿ ಬಗ್ಗಿ ಬಡಿಸಿದಳು. ಅಪ್ಪ ತಲೆ ಎತ್ತದೆ ಉಂಡರು.

ಊಟ ಮುಗಿದ ಮೇಲೆ ಬಂದವರ ಕೈಗೆ ನೀರು ಹಾಕುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಹಂಡೆಯ ಪಕ್ಕ ಚೊಂಬು ಹಿಡಿದು ನಿಂತರೆ ಒಬ್ಬೊಬ್ಬರೇ ಬಂದು ಕೈ ಒಡ್ಡುತ್ತಾರೆ, ಸಣ್ಣ ಧಾರೆಯಾಗಿ ಹಾಕಬೇಕು, ಕಾಲಿಗೆ ಸಿಡಿಯಬಾರದು. ಚೆಲ್ಲದೆ ಹಾಕುತ್ತಿದ್ದೆ, ಅದಕ್ಕೂ ನನಗೊಂದು ಠೀಕ್ ಹೈ ಇತ್ತು. ಗುಬ್ಬಿಯವರು ಬಂದರು, ಹಾಕಿದೆ. ಕುಣಿಗಲ್ಲಿನವರು ಬಂದರು, ಹಾಕಿದೆ. ಹಾಗಲವಾಡಿ ಮಾಮ ಬಂದರು. ಅವರಿಗೆ ತುಂಬಿಸಿಟ್ಟ ಬಕೆಟ್ಟು ಆ ಮೂಲೆಯಲ್ಲಿತ್ತು. ಅವರು ಅಲ್ಲಿಗೆ ಹೋಗಲಿಲ್ಲ. ನನ್ನ ಮುಂದೆ ನಿಂತು, ಅನ್ನ ಮೆತ್ತಿದ ಎಡಗೈಯನ್ನು ಚಾಚಿದರು.

"ವಸಿ ನೀರ್ ಹಾಕ್ ಮಗ."

ಚೊಂಬು ನನ್ನ ಕೈಯಲ್ಲಿತ್ತು, ತುಂಬಿತ್ತು. ನಾನು ಬಾಗಿಲ ಕಡೆ ನೋಡಿದೆ. ಅಪ್ಪ ಅಲ್ಲೇ ನಿಂತಿದ್ದರು. ಹಾಕು ಎಂದು ಅವರು ಕಣ್ಣಲ್ಲಾದರೂ ಹೇಳುತ್ತಾರೆಂದು ಕಾದೆ. ಅವರು ಹೇಳಲಿಲ್ಲ. ಮಾಮನ ಕೈ ಹಾಗೇ ಗಾಳಿಯಲ್ಲಿತ್ತು. ಅಷ್ಟರಲ್ಲಿ ಸಾಕಿ ಪಕ್ಕದಿಂದ ಬಂದು ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡು ನೀರು ಹಾಕಿದಳು. ಒಂದೇ ಕೈ ತನ್ನನ್ನು ತಾನು ತೊಳೆದುಕೊಳ್ಳಲಾರದು ಎಂದು ನಾನು ತಿಳಿದದ್ದು ಆಗ. ಅವಳು ಒಂದು ಕೈಯಲ್ಲಿ ನೀರು ಹಾಕುತ್ತ, ಇನ್ನೊಂದು ಕೈಯಿಂದ ಅವರ ಬೆರಳ ಸಂದಿಯ ಅನ್ನ, ತುಪ್ಪ ಎಲ್ಲ ಉಜ್ಜಿ ತೊಳೆದಳು. ಅರ್ಧ ನೀರು ಅವರ ಕಾಲಿಗೇ ಸಿಡಿಯಿತು. ಮಾಮ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ನಾನು ನೋಡಿದಾಗ ಬಾಗಿಲಲ್ಲಿ ಅಪ್ಪ ಇರಲಿಲ್ಲ.

ಬಿಸಿಲು ಇಳಿದ ಮೇಲೆ ಗೆಳೆಯರನ್ನು ಬಸ್ಸಿಗೆ ಹತ್ತಿಸಿ ಬಂದು ಅಪ್ಪ ಜಗಲಿಯ ಮೇಲೆ ಕೂತರು. ಒಳಗೆ ಸಾಕಿ ಅಮ್ಮನಿಗೆ ಇನ್ನೇನೋ ಮಾಡಿ ತೋರಿಸುತ್ತಿದ್ದಳು, ಅಮ್ಮನ ನಗು ಕೇಳುತ್ತಿತ್ತು. ನಾನು ಹೊರಗೆ ಬಂದು ಕಂಬ ಹಿಡಿದು ನಿಂತೆ. ಸಾಕಿಗೆ ಅವರು ಬೈಯುತ್ತಾರೆಯೇ ಎಂದು ತಿಳಿದುಕೊಳ್ಳುವ ಆಸೆ ಇನ್ನೂ ಪೂರ್ತಿ ಸತ್ತಿರಲಿಲ್ಲ. ಅಪ್ಪ ಕೇಳಿದ್ದು ನನ್ನ ವಿಷಯ.

"ನೀನು ಯಾಕೆ ಹಾಕ್ಲಿಲ್ಲ ನೀರು?"

"ನೀವೇ ಹೇಳಿದ್ರಲ್ಲ ಅಪ್ಪ, ಯಾರೂ ಹತ್ರ ಹೋಗಬಾರದು ಅಂತ."

ಅಪ್ಪ ಬೀದಿಯನ್ನೇ ನೋಡುತ್ತಿದ್ದರು. ಬೆಳಿಗ್ಗೆ ಒಡೆದ ಬೂದುಗುಂಬಳದ ಹೋಳುಗಳನ್ನು ಒಂದು ಹಸು ಮೂಸುತ್ತಿತ್ತು. ಅಪ್ಪ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ನನಗೆ ತಿಳಿದಂತೆ ಅದೇ ಮೊದಲು.

"ನೀನು ನನ್ನ ಹಾಗೇ ಕಣಮ್ಮ" ಎಂದರು.

ಅವರು ಅದನ್ನು ಹೇಳುವಾಗ ನಗುತ್ತಿರಲಿಲ್ಲ. ಸಾಕಿಗೆ ಅವರು ಹಾಗೆಂದು ಒಂದು ದಿನವೂ ಹೇಳಲಿಲ್ಲ, ಆ ಮಾತು ಪೂರ್ತಿಯಾಗಿ ನನ್ನದು. ಅದನ್ನು ಹೊಗಳಿಕೆ ಎಂದು ಇಟ್ಟುಕೊಳ್ಳಲು ನಾನು ಇವತ್ತಿನವರೆಗೂ ಪ್ರಯತ್ನಪಡುತ್ತಿದ್ದೇನೆ.